ಸಂಕ್ರಮಣದ ದಿನ ಚೆಲ್ಲಿದ ಎಣ್ಣೆ

ಡಿಸೆಂಬರಿನಲ್ಲಿ ಮಂಗಳೂರಿನ ನಮ್ಮ ಮನೆಯಲ್ಲೂ ತೆಂಗಿನೆಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತದೆ. ಬಿಸಿಲಿಗಿಟ್ಟರೆ ಅರ್ಧ ಗಂಟೆಯಲ್ಲಿ ಕರಗುತ್ತದೆ. ಹುಟ್ಟಿದಾಗಿನಿಂದ ನೋಡಿದ ಈ ಸಂಗತಿ ಕುವೈತಿನ ಆ ಚಳಿಗಾಲದಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯದ ಕಾರಣಕ್ಕೆ ನಾಲ್ಕು ಜೀವಗಳು ಒಂದು ಮೋರಿಯ ಪೈಪಿನಲ್ಲಿ ಸಿಕ್ಕಿಕೊಂಡವು. ತಪ್ಪು ನನ್ನದೇ. ಅದನ್ನು ಗಂಡನ ತಲೆಗೆ ಕಟ್ಟಲು ಇಷ್ಟು ವರ್ಷ ಸಾಕಷ್ಟು ಪ್ರಯತ್ನಪಟ್ಟಿದ್ದೇನೆ. ಈಗ ವಯಸ್ಸಾಯಿತು, ಒಪ್ಪಿಕೊಳ್ಳುತ್ತೇನೆ.

ನಾವಿದ್ದದ್ದು ರುಮೈಥಿಯಾದಲ್ಲಿ, ಒಂದು ದೊಡ್ಡ ಮನೆಯ ಕಂಪೌಂಡಿನೊಳಗಿನ ಎರಡು ಕೋಣೆಯ ಔಟ್‌ಹೌಸಿನಲ್ಲಿ. ಮನೆಯ ಯಜಮಾನರೇ ನನ್ನ ಗಂಡನ ಕಫೀಲ್, ಅಂದರೆ ವೀಸಾ ಕೊಟ್ಟು ಕೆಲಸಕ್ಕೆ ಕರೆಸಿಕೊಂಡವರು. ಮಿರ್ಕಾಬಿನಲ್ಲಿದ್ದ ಅವರ ಆಫೀಸಿನಲ್ಲಿ ಇವರಿಗೆ ಕಟ್ಟಡಗಳ ಮೇಂಟೆನೆನ್ಸ್ ಕೆಲಸ. ನಲ್ಲಿ, ಪೈಪು, ಮೋಟರು, ಎಸಿ ಎಲ್ಲ ಇವರೇ ನೋಡಿಕೊಳ್ಳಬೇಕು. ನಾನು ದೊಡ್ಡ ಮನೆಯ ಅಡುಗೆಮನೆಯಲ್ಲಿ ಯಜಮಾನರ ಹೆಂಡತಿಗೆ ಕೈಜೋಡಿಸುತ್ತಿದ್ದೆ. ಅವರನ್ನು ನಾನು ಮಾಮಾ ಎನ್ನುತ್ತಿದ್ದೆ. ಅಲ್ಲಿ ಕೆಲಸಕ್ಕಿದ್ದವರೆಲ್ಲ ಮನೆಯೊಡತಿಯನ್ನು ಹಾಗೆಯೇ ಕರೆಯುವುದು. ಅವರು ನನ್ನನ್ನು ಬಿಂತಿ, ಅಂದರೆ ಮಗಳೇ, ಎನ್ನುತ್ತಿದ್ದರು. ಹಾಗೆ ಕರೆದು ಉಪ್ಪು ಜಾಸ್ತಿಯಾಯಿತೆಂದು ಬೈಯುತ್ತಲೂ ಇದ್ದರು. ನಾನೂ ಬಿಡುತ್ತಿರಲಿಲ್ಲ, ತುಳುವಿನಲ್ಲಿ ಗೊಣಗುತ್ತಿದ್ದೆ.

1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದಾಗ ಯಜಮಾನರು ಹೃದಯದ ಚಿಕಿತ್ಸೆಗೆಂದು ಲಂಡನ್ನಿನಲ್ಲಿದ್ದರು. ಮನೆಯಲ್ಲಿ ಉಳಿದವರು ಮಾಮಾ ಮತ್ತು ಅವರ ಒಬ್ಬನೇ ಮಗ. ಮಗನಿಗೆ ಮೂವತ್ತರ ಆಸುಪಾಸು, ಪೊಲೀಸಿನಲ್ಲಿದ್ದವನು. ಪೊಲೀಸಿನಲ್ಲಿದ್ದವರನ್ನು, ಸೈನ್ಯದಲ್ಲಿದ್ದವರನ್ನು ಇರಾಕಿಗಳು ಪಟ್ಟಿ ಹಿಡಿದು ಹುಡುಕುತ್ತಿದ್ದರು. ನಮ್ಮ ಮನೆಯಿಂದ ಎರಡು ಓಣಿ ಆಚೆ ಒಬ್ಬನನ್ನು ಅವನ ಮನೆಯ ಗೇಟಿನ ಮುಂದೆ, ತಾಯಿಯನ್ನು ಹೊರಗೆ ಕರೆದು ನಿಲ್ಲಿಸಿ, ಗುಂಡಿಟ್ಟು ಕೊಂದರು. ಆಮೇಲೆ ಆ ಮನೆಗೆ ಬೆಂಕಿ ಹಾಕಿದರು. ಅಡಗಿಸಿಟ್ಟವರಿಗೂ ಅದೇ ಗತಿ ಎಂದು ಊರೆಲ್ಲ ಗೊತ್ತಿತ್ತು. ಆ ಹೊಗೆಯ ವಾಸನೆ ನಾಲ್ಕು ದಿನ ನಮ್ಮ ಬಟ್ಟೆಯಲ್ಲಿತ್ತು.

ಆದ್ದರಿಂದ ಮಾಮಾ ಮತ್ತು ಮಗ ದೊಡ್ಡ ಮನೆಯ ನೆಲಮಾಳಿಗೆ ಸೇರಿದರು. ಅದನ್ನು ಅಲ್ಲಿ ಸಿರ್ದಾಬ್ ಎನ್ನುತ್ತಾರೆ. ಅವರ ಕಾರನ್ನು ಸೌದಿಗೆ ಹೊರಟಿದ್ದ ಸಂಬಂಧಿಕರು ತೆಗೆದುಕೊಂಡು ಹೋದರು. ಓಣಿಯಲ್ಲಿ ಎಲ್ಲರೂ ತಿಳಿದದ್ದು, ಈ ಮನೆಯವರೂ ಅದೇ ಕಾರಿನಲ್ಲಿ ಹೋದರೆಂದು. ಕಾಗದದ ಪ್ರಕಾರ ಆ ಕಂಪೌಂಡಿನಲ್ಲಿ ಇದ್ದವರು ಇಬ್ಬರೇ, ಮನೆ ಕಾಯುವ ಹಿಂದಿ ಗಂಡಹೆಂಡತಿ. ಹಿಂದಿ ಎಂದರೆ ಅಲ್ಲಿ ಇಂಡಿಯಾದವರು.

ನಾವು ಉಳಿದದ್ದು ಧೈರ್ಯದಿಂದಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಪಾಸ್‌ಪೋರ್ಟುಗಳು ಮಿರ್ಕಾಬಿನ ಆಫೀಸಿನ ಕಪಾಟಿನಲ್ಲಿದ್ದವು, ಆಫೀಸು ಲೂಟಿಯಾಗಿ ಕಪಾಟೂ ಹೋಯಿತು. ನಮ್ಮ ಊರಿನ ಕಡೆಯವರೆಲ್ಲ ಬಸ್ಸು ಹಿಡಿದು ಜೋರ್ಡಾನಿನ ದಾರಿಯಾಗಿ ಹೊರಟರು. ಹೋಗುವಾಗ ಪ್ರತಿಯೊಬ್ಬರೂ ನಮ್ಮ ಬಾಗಿಲಿಗೆ ಬಂದು ಹೊರಲಾಗದ ಸಾಮಾನು ಕೊಟ್ಟು ಹೋದರು. ಹಾಗೆ ನಮ್ಮಲ್ಲಿ ತೆಂಗಿನೆಣ್ಣೆಯ ಡಬ್ಬಗಳು ಸಾಲಾಗಿ ಕುಳಿತವು. ಮುಂದೆ ಪಾಸ್‌ಪೋರ್ಟಿಗೆ ಬದಲು ಕಾಗದ ಸಿಗುತ್ತದೆಂದು ಗೊತ್ತಾದಾಗ ನಾನು ಟ್ರಂಕು ಕಟ್ಟಿದೆ. ಕಟ್ಟಿ, ಹೇಳಿ ಹೋಗೋಣವೆಂದು ನೆಲಮಾಳಿಗೆಗೆ ಇಳಿದೆ. ಮಾಮಾ ನನ್ನ ಮುಖ ನೋಡಿದರೇ ಹೊರತು ಹೋಗಬೇಡ ಎನ್ನಲಿಲ್ಲ. ನಾನು ಮೇಲೆ ಬಂದು ಟ್ರಂಕು ಬಿಚ್ಚಿದೆ. ಬಿಚ್ಚುವಾಗ ಎಲ್ಲರ ಮೇಲೂ ಸಿಟ್ಟು ಬಂದಿತ್ತು, ಹೆಚ್ಚಾಗಿ ನನ್ನ ಮೇಲೆ.

ಖಾಲಿ ಮನೆಯನ್ನು ಖಾಲಿಯಾಗಿ ಕಾಣಿಸುವುದು ದೊಡ್ಡ ಕೆಲಸ. ದೀಪ ಹಾಕಬಾರದು, ಹೀಟರು ಹಾಕಬಾರದು, ಒಲೆ ಹೊತ್ತಿಸಬಾರದು. ಅಡುಗೆಯೆಲ್ಲ ನಮ್ಮ ಔಟ್‌ಹೌಸಿನಲ್ಲಿ. ಬೆಳಿಗ್ಗೆ ಒಂದು ಫ್ಲಾಸ್ಕ್ ಬಿಸಿನೀರು, ಊಟದ ಡಬ್ಬಿ, ಹಿಂಬಾಗಿಲಿನಿಂದ ಒಳಗೆ. ಆ ಇಬ್ಬರಿಗೆ ಇಡೀ ದಿನಕ್ಕೆ ಅಷ್ಟೇ ಬಿಸಿ. ನೆಲಮಾಳಿಗೆಯ ಮೆಟ್ಟಿಲ ಬದಿಯಲ್ಲಿ ಒಂದು ಬಚ್ಚಲಿತ್ತು, ಅದರ ನಲ್ಲಿಯನ್ನು ಬೆರಳಿನ ದಪ್ಪಕ್ಕಿಂತ ಜಾಸ್ತಿ ನೀರು ಬರುವ ಹಾಗೆ ತಿರುಗಿಸಬಾರದೆಂದು ನನ್ನ ಗಂಡ ಹೇಳಿದ್ದರು, ಸದ್ದಾಗುತ್ತದೆಂದು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾವ್ಯಾರೂ ಯೋಚಿಸಲಿಲ್ಲ. ನೆಲದೊಳಗಿನ ಮೋರಿಯನ್ನು ಯಾರು ಬಗ್ಗಿ ನೋಡುತ್ತಾರೆ?

ಇನ್ನು ಅಪಾಯದ ಗುರುತು. ಸೈನಿಕರು ಗೇಟಿನ ಹತ್ತಿರ ಬಂದರೆ ಕೆಳಗಿನವರಿಗೆ ಹೇಗೆ ತಿಳಿಸುವುದು? ಗಂಟೆ ಬಾರಿಸುವ ಹಾಗಿಲ್ಲ, ಅರಬ್ಬಿಯಲ್ಲಿ ಕೂಗುವ ಹಾಗಿಲ್ಲ. ಉಪಾಯ ಹೇಳಿದ್ದು ಮಗ. ಅವನು ನಮ್ಮಿವರನ್ನು ಭಾಯಿ ಎಂದು ಕರೆಯುತ್ತಿದ್ದ. "ಭಾಯಿಯನ್ನು ನೀವು ಬೈಯುವುದು ಮೂರು ಮನೆ ಆಚೆಗೂ ಕೇಳಿಸ್ತದೆ. ಯಾರಿಗೂ ಸಂಶಯ ಬರುವುದಿಲ್ಲ. ನೀವು ಬೈದರೆ ನಾವು ಕಲ್ಲಿನ ಹಾಗೆ ಕೂತುಬಿಡ್ತೇವೆ," ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಏಕೆಂದರೆ ಅದರ ಅರ್ಥ ನನಗೆ ಕೂಡಲೇ ಹೊಳೆದಿತ್ತು. ಅಪಾಯವಿಲ್ಲದಾಗ ನಾನು ಗಂಡನನ್ನು ಬೈಯುವಂತಿಲ್ಲ. ಸುಮ್ಮನೆ ಬೈದರೆ ಗುರುತು ಕೆಟ್ಟುಹೋಗುತ್ತದೆ.

ಹೀಗೆ ಐದು ತಿಂಗಳು ನಾನು ಬಾಯಿ ಬಿಗಿದುಕೊಂಡು ಬದುಕಿದೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೂ ಸುಮ್ಮನೆ, ರೇಡಿಯೋದ ಸೆಲ್ಲು ಮುಗಿಸಿದರೂ ಸುಮ್ಮನೆ. ಇವರು ಅದರ ಲಾಭವನ್ನು ಚೆನ್ನಾಗಿಯೇ ತೆಗೆದುಕೊಂಡರು. "ಯುದ್ಧದಲ್ಲಿ ಇದೊಂದು ಒಳ್ಳೇದಾಯ್ತು ಮಾರಾಯ್ತಿ," ಎಂದು ಒಮ್ಮೆ ಅಂದರು. ಆ ಮಾತಿಗೆ ಉತ್ತರವನ್ನೂ ನಾನು ಒಳಗೇ ಇಟ್ಟುಕೊಂಡೆ.

ಮಾಮಾನ ಫ್ರೀಜರಿನಲ್ಲಿ ಮೀನು ತುಂಬಿತ್ತು. ಆ ಚಳಿಗಾಲದಲ್ಲಿ ನಮ್ಮ ನಾಲ್ವರನ್ನೂ ಸಾಕಿದ್ದು ಆ ಮೀನು ಮತ್ತು ಊರಿನವರು ಬಿಟ್ಟುಹೋದ ಎಣ್ಣೆ. ನಮ್ಮಲ್ಲಿ ಮೀನು ಕಾಯಿಸುವುದು ತೆಂಗಿನೆಣ್ಣೆಯಲ್ಲೇ. ಒಂದು ದೊಡ್ಡ ಬಾಣಲೆಯಲ್ಲಿ ಎಣ್ಣೆ ತುಂಬಿಸಿ, ಅದನ್ನೇ ಮತ್ತೆ ಮತ್ತೆ ಕಾಯಿಸಿ ಬಳಸುತ್ತಿದ್ದೆ. ಆದರೆ ಸಂಕ್ರಮಣ ಬಂತೆಂದರೆ ಮುಗಿಯಿತು. ತಿಂಗಳ ಸಂಕ್ರಮಣದ ದಿನ ನಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ, ಮೀನು ಮುಟ್ಟಿದ ಎಣ್ಣೆಯನ್ನೂ ಇಟ್ಟುಕೊಳ್ಳುವುದಿಲ್ಲ. ನನ್ನ ಅತ್ತೆ ಹಾಗೆ ಮಾಡುತ್ತಿದ್ದರು, ಅವರ ಅತ್ತೆಯೂ ಹಾಗೆಯೇ. ಊರಿನಲ್ಲಾದರೆ ಆ ಎಣ್ಣೆ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಇಲ್ಲಿ ಸಿಂಕಿಗೆ ಹೊಯ್ದೆ. ಹಿಂದಿನ ಎರಡು ಸಂಕ್ರಮಣಕ್ಕೂ ಹಾಗೆಯೇ ಮಾಡಿದ್ದೆ. ಮಕರ ಸಂಕ್ರಮಣದ ಬೆಳಿಗ್ಗೆ ಮೂರನೆಯ ಬಾಣಲೆಯನ್ನೂ ಹೊಯ್ದು, ಮೇಲಿನಿಂದ ಬಿಸಿನೀರು, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದೆ. ಬಿಸಿನೀರಿನ ಜೊತೆ ಎಣ್ಣೆ ಸರಾಗವಾಗಿ ಇಳಿದುಹೋಯಿತು. ನೆಲ ಒರೆಸಿ, ದೇವರ ಪಟಕ್ಕೆ ದೀಪ ಹಚ್ಚಿ, ಹೊಸ ಎಣ್ಣೆಯಲ್ಲಿ ನಾಲ್ಕು ಹಪ್ಪಳ ಕಾಯಿಸಿದೆ. ಇಂಥ ದಿನಗಳಲ್ಲೂ ನನ್ನ ಮನೆಯ ಕ್ರಮ ತಪ್ಪಲಿಲ್ಲವೆಂದು ಒಂದಿಷ್ಟು ಹೆಮ್ಮೆಯೂ ಆಯಿತು.

ಆ ವಾರ ಎಲ್ಲರ ಎದೆಯಲ್ಲೂ ಅವಲಕ್ಕಿ ಕುಟ್ಟುತ್ತಿತ್ತು. ಕುವೈತ್ ಬಿಡಲು ಇರಾಕಿಗೆ ಅಮೆರಿಕದವರು ಕೊಟ್ಟ ಗಡುವು ಮುಗಿಯುತ್ತಿದೆ, ಇನ್ನೆರಡು ದಿನದಲ್ಲಿ ಬಾಂಬು ಬೀಳುತ್ತದೆ ಎಂದು ರೇಡಿಯೋ ಹೇಳುತ್ತಿತ್ತು. ಚಳಿಯೂ ಹಾಗೆಯೇ ಇತ್ತು. ಮರುಭೂಮಿಯ ಚಳಿ ಎಂದರೆ ಊರಿನವರು ನಂಬುವುದಿಲ್ಲ. ಬೆಳಿಗ್ಗೆ ಟಾಂಕಿಯ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು.

ಹನ್ನೊಂದೂವರೆಯ ಹೊತ್ತಿಗೆ ಸಿಂಕಿನಲ್ಲಿ ನೀರು ನಿಂತಿತು. ಗುಳುಗುಳು ಎಂದು ಮೇಲೆಯೇ ಬಂತು. ಇವರನ್ನು ಕರೆದೆ. ಇವರು ಬಂದು ನೋಡಿ ಅಂಗಳಕ್ಕೆ ಹೋದರು. ಗೇಟಿನ ಒಳಬದಿಯಲ್ಲಿ, ಗೋಡೆಗೆ ತಾಗಿ, ಕಾಂಕ್ರೀಟಿನ ಮುಚ್ಚಳದ ಒಂದು ಚೇಂಬರ್ ಇತ್ತು. ನಮ್ಮ ಔಟ್‌ಹೌಸಿನ ಪೈಪೂ ದೊಡ್ಡ ಮನೆಯ ಪೈಪೂ ಬಂದು ಅದರಲ್ಲಿ ಕೂಡುತ್ತವೆ, ಅಲ್ಲಿಂದ ಒಂದೇ ಪೈಪು ಹೊರಗಿನ ರಸ್ತೆಗೆ. ಆ ಮುಚ್ಚಳದ ಅಂಚಿನಿಂದ ಕೊಳಚೆ ನೀರು ಉಕ್ಕುತ್ತಿತ್ತು. ಉಕ್ಕಿ ಗೇಟಿನಡಿಯಿಂದ ರಸ್ತೆಗೆ ಹರಿಯುತ್ತಿತ್ತು.

"ಎಂತ ಹೊಯ್ದದ್ದು ನೀನು?" ಎಂದು ಕೇಳಿದರು.

"ಎಣ್ಣೆ. ಮೀನು ಕಾಯಿಸಿದ್ದು."

"ಎಷ್ಟು?"

"ಬಾಣಲೆಯಲ್ಲಿ ಇದ್ದದ್ದಷ್ಟೂ. ಪ್ರತಿ ಸಂಕ್ರಮಣಕ್ಕೂ ಹೊಯ್ತೇನಲ್ಲ. ಮತ್ತೆ ಮೀನಿನ ಎಣ್ಣೆಯಲ್ಲಿ ಹಪ್ಪಳ ಕಾಯಿಸ್ಲಾ?"

ಇವರು ಹಣೆಗೆ ಕೈಯಿಟ್ಟು ನಿಂತರು. ಇವರ ಆಫೀಸಿನಲ್ಲಿ ಮೊದಲು ಒಬ್ಬ ಬಿಳಿಯ ಇಂಜಿನಿಯರ್ ಇದ್ದ. ಅವನ ಊರಿನಲ್ಲಿ ಚಳಿಗಾಲ ಬಂತೆಂದರೆ ಮೋರಿ ರಿಪೇರಿಯವರಿಗೆ ಪುರುಸೊತ್ತೇ ಇಲ್ಲವಂತೆ. ನೆಲ ಹೆಪ್ಪುಗಟ್ಟಿ ಉಬ್ಬಿ ಪೈಪಿನ ಜಾಯಿಂಟು ಬಿಡುತ್ತದೆ, ನಿಂತ ನೀರು ಮಂಜುಗಡ್ಡೆಯಾಗಿ ಪೈಪನ್ನು ಸೀಳುತ್ತದೆ, ಅಡುಗೆಯ ಕೊಬ್ಬು ಒಳಗೇ ಗಟ್ಟಿಯಾಗಿ ದಾರಿ ಮುಚ್ಚುತ್ತದೆ ಎಂದು ಅವನು ಹೇಳಿದ್ದನ್ನು ಇವರು ಊಟದ ಹೊತ್ತಿಗೆ ನನಗೆ ಹೇಳಿದ್ದರು. ನಾವಿಬ್ಬರೂ ನಕ್ಕಿದ್ದೆವು. ಕುವೈತಿನಲ್ಲಿ ಪೈಪು ಬಿಸಿಲಿಗೆ ಬಾಗುವುದನ್ನು ಕಂಡಿದ್ದೆವೇ ಹೊರತು ಚಳಿಗೆ ಕೆಡುವುದನ್ನಲ್ಲ.

"ಗೇಟಿನ ಹತ್ರ ಪೈಪು ಒಂದು ಗೇಣು ಕೆಳಗೆ ಉಂಟಷ್ಟೇ," ಎಂದರು. "ನೆಲ ತಣ್ಣಗಾಗಿದೆ, ಪೈಪೂ ತಣ್ಣಗೆ. ನಿನ್ನ ಬಿಸಿನೀರು ಅಲ್ಲಿಗೆ ಮುಟ್ಟುವಾಗ ಬಿಸಿ ಇಲ್ಲ. ಎಣ್ಣೆ ಅಲ್ಲೇ ಕೂತಿದೆ. ಮೂರು ತಿಂಗಳಿನದ್ದು ಒಂದರ ಮೇಲೆ ಒಂದು."

ನನಗೆ ಎಣ್ಣೆಯ ಚಿಂತೆಯಲ್ಲ. ನಾನು ರಸ್ತೆಗೆ ಹರಿಯುವ ನೀರನ್ನೇ ನೋಡುತ್ತಿದ್ದೆ. ಓಣಿಯ ಮೂಲೆಯ ಮನೆಯಲ್ಲಿ ಸೈನಿಕರು ಬೀಡುಬಿಟ್ಟಿದ್ದರು. ನೀರು ಇಳಿಜಾರಿನಲ್ಲಿ ನೇರ ಅವರ ಕಡೆಗೇ ಹೋಗುತ್ತಿತ್ತು. ಇಬ್ಬರು ಮನುಷ್ಯರ ಮನೆಯಿಂದ ಇಷ್ಟು ನೀರು ಬರುತ್ತದೆಯೇ ಎಂದು ಒಬ್ಬ ಕೇಳಿದರೆ ಸಾಕು.

ಇವರು ವೈರಿಂಗಿಗೆ ಬಳಸುವ ಉದ್ದನೆಯ ಉಕ್ಕಿನ ಸ್ಪ್ರಿಂಗು ತರಲು ಒಳಗೆ ಹೋದರು. ಅಷ್ಟರಲ್ಲಿ ಯಾರೋ ಗೇಟನ್ನು ದಡದಡ ಬಡಿದರು. ಇವರು ಸ್ಪ್ರಿಂಗು ಹಿಡಿದೇ ಬಂದು ತೆರೆದರು.

ಬಂದವರು ಇಬ್ಬರು. ಒಬ್ಬ ದಪ್ಪ ಮೀಸೆಯವನು, ವಯಸ್ಸಾದವನು. ಇನ್ನೊಬ್ಬನ ಕೈಯಲ್ಲಿ ಬಂದೂಕು. ಮೀಸೆಯವನ ಬೂಟು ನಮ್ಮ ಕೊಳಚೆಯಲ್ಲಿ ನೆನೆದಿತ್ತು. ಅವನು ಅರಬ್ಬಿಯಲ್ಲಿ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಈಗ, ಈ ಕ್ಷಣದಲ್ಲಿ, ನಾನು ಗಂಡನನ್ನು ಬೈಯಬೇಕಿತ್ತು. ಇದಕ್ಕೆಂದೇ ಐದು ತಿಂಗಳು ಕೂಡಿಟ್ಟಿದ್ದೆ. ಬಾಯಿ ತೆರೆದೆ, ಸ್ವರ ಬರಲಿಲ್ಲ. ಹೆದರಿಕೆ ಎಂದರೆ ಕೈಕಾಲು ನಡುಗುವುದು ಎಂದುಕೊಂಡಿದ್ದೆ. ಅಂದು ಯಾವುದೂ ನಡುಗಲಿಲ್ಲ, ಎಲ್ಲವೂ ನಿಂತುಹೋಯಿತು.

"ಇಲ್ಲಿ ಎಷ್ಟು ಜನ?" ಎಂದು ಮೀಸೆಯವನು ಕೇಳಿದ.

"ಇಬ್ಬರೇ," ಎಂದರು ನನ್ನ ಗಂಡ. "ಇವತ್ತು ನಮ್ಮ ಹಬ್ಬ. ಇವಳು ತುಂಬಾ ತೊಳೀತಾಳೆ."

"ತೆಗೆ ಅದನ್ನು. ಯಲ್ಲಾ, ಬೇಗ."

ಇವರು ಹಾರೆಯಿಂದ ಮುಚ್ಚಳ ಎತ್ತಿದರು. ಮೊಣಕಾಲೂರಿ ಕುಳಿತು ಸ್ಪ್ರಿಂಗನ್ನು ರಸ್ತೆಯ ಕಡೆಯ ಪೈಪಿಗೆ ತೂರಿಸಿ ತಿರುಗಿಸತೊಡಗಿದರು. ಸೈನಿಕರಿಬ್ಬರೂ ಮೂಗಿಗೆ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತರು. ಅವರ ಹಿಂದೆ, ನಾಲ್ಕೇ ಹೆಜ್ಜೆ ದೂರದಲ್ಲಿ, ದೊಡ್ಡ ಮನೆಯ ಗೋಡೆಯ ಬುಡದಲ್ಲಿ ನೆಲಮಾಳಿಗೆಯ ಗಾಳಿಕಿಂಡಿ ಇತ್ತು. ಕಿಂಡಿಗೆ ಒಳಗಿನಿಂದ ಕಂಬಳಿ ತೂರಿಸಿ ಮುಚ್ಚಿದ್ದೆವು. ಆ ಕಂಬಳಿ ದಾಟಿ ಅಂಗಳದ ಮಾತು ಒಳಗೆ ಕೇಳಿಸುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ಬೈದರೆ ಕೇಳಿಸುತ್ತದೆ ಎಂಬುದೊಂದೇ ನಾವು ಪರೀಕ್ಷೆ ಮಾಡಿ ನೋಡಿದ್ದು.

ಸ್ವಲ್ಪ ಹೊತ್ತಿಗೆ ಚೇಂಬರಿನೊಳಗೆ ದೊಡ್ಡದಾಗಿ ಗೊಳಕ್ ಎಂದಿತು. ನೀರು ಸುಳಿ ತಿರುಗಿ ಇಳಿಯಿತು. ಇಳಿದ ಹಾಗೆ ಒಳಗೆ ಬರುವ ಎರಡು ಪೈಪುಗಳ ಬಾಯಿ ಕಾಣಿಸಿಕೊಂಡಿತು.

ಮೀಸೆಯವನು ಬೂಟಿನ ತುದಿಯಿಂದ ತೋರಿಸಿದ. "ಇದು?"

"ನಮ್ಮ ಅಡುಗೆಮನೆಯದ್ದು."

"ಅದು?"

"ದೊಡ್ಡ ಮನೆಯದ್ದು. ಅಲ್ಲಿ ಯಾರೂ ಇಲ್ಲ. ಆಗಸ್ಟಿನಿಂದ ಬೀಗ."

ದೊಡ್ಡ ಮನೆಯ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ತುಂಬಿದಾಗ ಒಳಗೆ ಹೋದ ನೀರು, ವಾಪಸು ಬರ್ತಾ ಉಂಟು," ಎಂದು ಇವರು ಅರ್ಧ ಅರಬ್ಬಿ ಅರ್ಧ ಕೈಸನ್ನೆಯಲ್ಲಿ ತಿಳಿಸಿದರು. ಅದು ನಿಜವೇ ಆಗಿತ್ತು. ಮೀಸೆಯವನು ಆ ಪೈಪಿನ ಬಾಯಿಯನ್ನೇ ನೋಡುತ್ತ ನಿಂತ. ತೊಟ್ಟು ಕಡಿಮೆಯಾಗುತ್ತ ಬಂತು, ನಿಂತಿತು. ಆಗ ಇವರು ಸ್ಪ್ರಿಂಗನ್ನು ಹೊರಗೆ ಎಳೆದರು. ಅದರ ತುದಿಯಲ್ಲಿ ಅಂಗೈಯಗಲದ ಒಂದು ಬೆಳ್ಳಗಿನ ಗಟ್ಟಿ ಬಂತು.

ಸೋಪಿನಷ್ಟು ಬಿಳಿ, ಮೇಣದಂಥದ್ದು. ಹಿಂದೆಯೇ ಇನ್ನೆರಡು ತುಂಡು ಚೇಂಬರಿನಲ್ಲಿ ತೇಲಿದವು. ಬಂದೂಕಿನವನು ಒಂದು ಹೆಜ್ಜೆ ಹಿಂದಕ್ಕೆ ಹಾರಿ ಏನೋ ಕೂಗಿದ. ಬಂದೂಕಿನ ಖಟ್ ಎಂಬ ಸದ್ದು ಕೇಳಿತು. ಆ ದಿನಗಳಲ್ಲಿ ಊರಿನೊಳಗೆ ಸೈನ್ಯದ ಲಾರಿಗಳನ್ನು ಯಾರೋ ಸ್ಫೋಟಿಸುತ್ತಿದ್ದರು. ಅದಕ್ಕೆ ಬಳಸುವ ವಸ್ತು ನೋಡಲು ಹೀಗೆಯೇ ಇರುತ್ತದೆಂದು ಮಗ ಹೇಳಿದ್ದು ನನಗೆ ಆಗಲೇ ನೆನಪಾಯಿತು. ಮೋರಿಯಲ್ಲಿ ಅಡಗಿಸಿಟ್ಟದ್ದು ಎಂದೇ ಅವರು ತಿಳಿದರು.

"ಶಿನೂ ಹಾದಾ?" ಎಂದ ಮೀಸೆಯವನು. ಇದೇನು?

"ದಿಹನ್," ಎಂದರು ನನ್ನ ಗಂಡ. ದಿಹನ್ ಎಂದರೆ ಎಣ್ಣೆ, ಕೊಬ್ಬು ಎಲ್ಲಕ್ಕೂ ಅದೇ ಮಾತು.

"ಎಣ್ಣೆ ನೀರಿನ ಹಾಗಿರ್ತದೆ. ಇದು ಕಲ್ಲು."

ಇವರನ್ನು ತಲೆಯ ಮೇಲೆ ಕೈಯಿಟ್ಟು ಕುಳ್ಳಿರಿಸಿದರು. ಮೀಸೆಯವನು ದೊಡ್ಡ ಮನೆಯ ಕಡೆಗೆ ತಿರುಗಿ, ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಾ, ಆ ಬಾಗಿಲು ಒಡೆಯಬೇಕು, ಎಂದ. ಅಷ್ಟು ಅರಬ್ಬಿ ನನಗೆ ಬರುತ್ತಿತ್ತು. ಬಾರದಿದ್ದರೆ ಒಳ್ಳೆಯದಿತ್ತು ಎನಿಸಿತು. ಬಾಗಿಲು ಒಡೆದರೆ ಮೆಟ್ಟಿಲು, ಮೆಟ್ಟಿಲಿನ ಕೆಳಗೆ ಮಗ. ಗೇಟಿನ ಮುಂದೆ ಮಾಮಾನನ್ನು ನಿಲ್ಲಿಸುವುದು ನನ್ನ ಕಣ್ಣಿಗೆ ಕಟ್ಟಿತು.

ನಾನು ಬಗ್ಗಿ ಆ ಗಟ್ಟಿಯನ್ನು ಕೈಗೆತ್ತಿಕೊಂಡೆ. ಬಂದೂಕು ನನ್ನ ಕಡೆ ತಿರುಗಿತು. "ದಿಹನ್, ಜೋಜ್ ಹಿಂದ್," ಎಂದೆ. ತೆಂಗಿನಕಾಯಿಗೆ ಅವರ ಹೆಸರು ಅದು. "ನೋಡಿ, ಕೈಯ ಬಿಸಿಗೆ ಕರಗ್ತದೆ," ಎಂದು ಮುಷ್ಟಿಯಲ್ಲಿ ಒತ್ತಿ ಹಿಡಿದೆ.

ಕರಗಲಿಲ್ಲ.

ಮುಷ್ಟಿ ಬಿಚ್ಚಿ ನೋಡಿದೆ. ಹಾಗೆಯೇ ಇತ್ತು, ಬೆರಳಿನ ಗುರುತು ಮೂಡಿದ್ದಷ್ಟೇ. ನನ್ನ ಕೈ ಅದಕ್ಕಿಂತ ತಣ್ಣಗಿತ್ತು. ಹೆದರಿ ಹೆದರಿ ಮೈಯಲ್ಲಿದ್ದ ಬಿಸಿಯೆಲ್ಲ ಎಲ್ಲಿಗೋ ಇಂಗಿಹೋಗಿತ್ತು. ಇನ್ನೊಂದು ಕೈಯಲ್ಲಿ ಒತ್ತಿದೆ, ಎರಡೂ ಕೈಯ ನಡುವೆ ಒತ್ತಿದೆ. ಹುಟ್ಟಿದಂದಿನಿಂದ ನನ್ನ ತಲೆಗೆ, ಮೈಗೆ, ಅನ್ನಕ್ಕೆ ಬಿದ್ದ ಎಣ್ಣೆ ಅದು. ಒಂದು ತೊಟ್ಟು ಕರಗು ಎಂದು ಬೇಡಿಕೊಂಡೆ. ಮೀಸೆಯವನು ತಲೆ ಅಲ್ಲಾಡಿಸಿದ.

ಆಗ ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳಿಸಿತು.

ಮಾಮಾ ಒಂದು ಹೊತ್ತಿನ ನಮಾಜನ್ನೂ ತಪ್ಪಿಸಿದವರಲ್ಲ. ಬಾಂಗ್ ಕೇಳಿದ ಕೂಡಲೇ ಎದ್ದು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಕೈ, ಬಾಯಿ, ಮುಖ, ಕಾಲು ತೊಳೆಯುತ್ತಾರೆ. ಐದು ತಿಂಗಳಿನಿಂದ ಅದು ಗಡಿಯಾರದಂತೆ ನಡೆದಿತ್ತು. ಆ ನೀರು ಈಗ ಬರುವುದು ಎಲ್ಲಿಗೆ? ಈ ಪೈಪಿನ ಬಾಯಿಗೆ. ಯಾರೂ ಇಲ್ಲದ ಮನೆಯ ಪೈಪಿನಿಂದ, ಈ ಸೈನಿಕರ ಬೂಟಿನ ಮುಂದೆ, ತಿಳಿ ನೀರು. ಮೀಸೆಯವನ ಕಣ್ಣು ಮತ್ತೆ ಚೇಂಬರಿನ ಮೇಲಿತ್ತು.

ನನ್ನೊಳಗೆ ಏನಾಯಿತೋ ಹೇಳಲಾರೆ. ಗಂಡನ ಕಡೆ ತಿರುಗಿದೆ. ತಲೆಯ ಮೇಲೆ ಕೈಯಿಟ್ಟು ಕೊಳಚೆಯಲ್ಲಿ ಕುಳಿತ ಆ ಮನುಷ್ಯನ ಮೇಲೆ ಐದು ತಿಂಗಳಿನದ್ದನ್ನೆಲ್ಲ ಸುರಿದೆ.

"ಇಪ್ಪತ್ತು ವರ್ಷ ಪೈಪು ಪೈಪು ಅಂತ ಸತ್ರಿ! ಎಣ್ಣೆ ಹೊಯ್ಯಬೇಡ ಅಂತ ಹೆಂಡತಿಗೆ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಬಾಯಿ ಇರ್ಲಿಲ್ವಾ? ಆ ಬಿಳಿಯನ ಕತೆ ಹೇಳಿ ಹಲ್ಲು ಕಿಸಿಲಿಕ್ಕೆ ಮಾತ್ರ ಬರ್ತದೆ! ಒದ್ದೆ ಟವೆಲು ಹಾಸಿಗೆ ಮೇಲೆ, ರೇಡಿಯೋದ ಸೆಲ್ಲು ಮೂರು ದಿನಕ್ಕೆ ಖಾಲಿ, ನಾನು ಸುಮ್ಮನಿದ್ದೇನೆ ಅಂತ ಕುಣಿದದ್ದೇ ಕುಣಿದದ್ದು! ನಿಮ್ಮನ್ನು ಕಟ್ಟಿಕೊಂಡ ತಪ್ಪಿಗೆ ಈ ಮರುಭೂಮಿಯಲ್ಲಿ ಕೊಳಚೆ ಹಿಡಿದು ನಿಂತಿದ್ದೇನಲ್ಲ, ನನ್ನ ತಲೆಗಿಷ್ಟು!"

ತಲೆಗಿಷ್ಟು ಎಂದದ್ದು ಬಾಯಿತಪ್ಪಿ ಬಂದ ಮಾತು. ಅದು ಬಂದಾಗಲೇ ಕೈ ತನ್ನ ಕೆಲಸ ಮಾಡಿತು. ತುರುಬು ಬಿಚ್ಚಿ, ಆ ಗಟ್ಟಿಯನ್ನು ನೆತ್ತಿಗೆ ಒತ್ತಿ ತಿಕ್ಕಿದೆ. ಸಂಕ್ರಮಣದ ದಿನ, ಮಿಂದ ತಲೆಗೆ, ಮೋರಿಯಿಂದ ತೆಗೆದ ಮೀನಿನ ಎಣ್ಣೆ. ಕೈಯಲ್ಲಿ ಇಲ್ಲದ ಬಿಸಿ ನೆತ್ತಿಯಲ್ಲಿತ್ತು. ಬೈಯುತ್ತ ತಿಕ್ಕಿದೆ, ತಿಕ್ಕುತ್ತ ಬೈದೆ. ಎಣ್ಣೆ ಕರಗಿ ಹಣೆಯ ಮೇಲಿಂದ, ಕಿವಿಯ ಬದಿಯಿಂದ ಇಳಿಯಿತು. ಹೆಂಗಸರು ಕೂದಲಿಗೆ ಎಣ್ಣೆ ಹಾಕುವ ರೀತಿ ಎಲ್ಲ ಊರಿನಲ್ಲೂ ಒಂದೇ. ಮೀಸೆಯವನಿಗೆ ಅದು ಅರ್ಥವಾಯಿತು. ಅವನ ಮುಖ ಹುಳಿ ತಿಂದ ಹಾಗಾಯಿತು.

"ಮಜ್ನೂನಾ," ಎಂದ. ಹುಚ್ಚಿ. ಬಂದೂಕಿನವನು ನಕ್ಕುಬಿಟ್ಟ. ನಾನು ನಿಲ್ಲಿಸಲಿಲ್ಲ. ಇವರ ತಮ್ಮನ ಮದುವೆಯಲ್ಲಿ ನನಗಾದ ಅವಮಾನದವರೆಗೂ ಹೋದೆ. ಕಣ್ಣು ಮಾತ್ರ ಆ ಪೈಪಿನ ಬಾಯಿಯಲ್ಲಿತ್ತು. ಬಾಂಗ್ ಮುಗಿಯಿತು. ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಪೈಪು ಒಣಗಿಯೇ ಇತ್ತು. ಆಮೇಲೂ ಒಣಗಿಯೇ ಇತ್ತು.

ಮೀಸೆಯವನು ನನ್ನ ಗಂಡನಿಗೆ ಏಳು ಎಂದು ಕಾಲಿನಿಂದ ತಿವಿದ. "ಸಂಜೆಯೊಳಗೆ ರಸ್ತೆ ತೊಳೆ. ಇನ್ನೊಮ್ಮೆ ನೀರು ಬಂದರೆ ಎಲ್ಲ ಅಗೆಸ್ತೇನೆ. ಖಲಾಸ್." ಹೋಗುವಾಗ ಇವರ ಹೆಗಲು ತಟ್ಟಿ ಹೋದ. ಅಯ್ಯೋ ಪಾಪ ಎನ್ನುವ ತಟ್ಟು ಅದು. ಗೇಟು ಮುಚ್ಚಿದ ಮೇಲೂ ನಾನು ಬೈಯುತ್ತಲೇ ಇದ್ದೆ. ಇವರು ಎದ್ದು ಬಂದು ನನ್ನ ಬಾಯಿಗೆ ಮೆಲ್ಲಗೆ ಅಂಗೈ ಇಟ್ಟರು. ಆ ಕೈಯೂ ಕೊಳಚೆಯದ್ದೇ.

ಹಿಂಬಾಗಿಲಿನಿಂದ ನೆಲಮಾಳಿಗೆಗೆ ಇಳಿದೆ. ಕೊನೆಯ ಮೆಟ್ಟಿಲಿನಲ್ಲಿ ಕುಳಿತೆ. ಮಾಮಾ ನಮಾಜಿನ ಚಾಪೆಯ ಮೇಲಿದ್ದರು. ಅವರ ಹಣೆಯಲ್ಲಿ, ಕೈಗಳಲ್ಲಿ ಧೂಳು ಮೆತ್ತಿತ್ತು.

ಮಗ ಪಿಸುಗುಟ್ಟಿದ. "ಅಮ್ಮ ನಲ್ಲಿಗೆ ಕೈಯಿಟ್ಟಾಗಿತ್ತು. ಆಗ ನಿಮ್ಮ ಸ್ವರ ಬಂತು. ಕೈ ತೆಗೆದರು. ನೀರಿಲ್ಲದಾಗ ಮಣ್ಣು ಮುಟ್ಟಿ ಮುಖ ಕೈ ಒರೆಸಿಕೊಳ್ಳಬಹುದು, ನಮ್ಮಲ್ಲಿ ಹಾಗೆ ಉಂಟು. ನೆಲದ ಧೂಳು ಮುಟ್ಟಿ ನಮಾಜು ಮಾಡಿದರು."

ಮಾಮಾ ನನ್ನ ತಲೆಯನ್ನು ನೋಡಿದರು. ಎಣ್ಣೆ ಮತ್ತೆ ತಣ್ಣಗಾಗಿ ಕೂದಲಿನಲ್ಲಿ ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಅವರು ಎದ್ದರು. ಬೋಗುಣಿ ತಂದರು, ಫ್ಲಾಸ್ಕಿನ ಬಿಸಿನೀರನ್ನು ಅದರಲ್ಲಿ ಹದ ಮಾಡಿದರು. ಅದು ಅವರಿಬ್ಬರ ಆ ದಿನದ ಚಹಾದ ನೀರು. "ಬೇಡ ಮಾಮಾ, ಇದು ಗಲೀಜು," ಎಂದೆ. ಅವರು ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ ನೀರು ಹೊಯ್ದರು. ಪ್ರಾರ್ಥನೆಗೆ ಮುಟ್ಟದ ನೀರನ್ನು ನನ್ನ ತಲೆಗೆ ಹೊಯ್ದು, ಸೋಪು ಹಾಕಿ, ಬೆರಳಿನಿಂದ ಎಳೆ ಎಳೆ ಬಿಡಿಸಿ ತೊಳೆದರು. "ಮೀನಿನ ವಾಸನೆ, ಬಿಂತಿ," ಎಂದರು. ಆಗ ನನಗೆ ಅಳು ಬಂತು, ಸದ್ದಿಲ್ಲದೆ ಅತ್ತೆ. ಅಳುವಾಗಲೂ ಸದ್ದು ಮಾಡದಿರುವುದು ನಮಗೆಲ್ಲ ಅಷ್ಟರಲ್ಲಿ ಅಭ್ಯಾಸವಾಗಿತ್ತು.

ಆ ಬೋಗುಣಿಯ ನೀರನ್ನು ಬಚ್ಚಲಿಗೆ ಚೆಲ್ಲಲು ಮಗ ಎತ್ತಿದಾಗ ನಾನು ಅವನ ಕೈ ಹಿಡಿದೆ. ಬಕೆಟಿಗೆ ಹೊಯ್ದು, ಹೊರಗೆ ಒಯ್ದು, ಹಿತ್ತಲಿನ ಖರ್ಜೂರದ ಬುಡಕ್ಕೆ ಸುರಿದೆ. ಅಂದಿನಿಂದ ದೊಡ್ಡ ಮನೆಯ ಪೈಪಿಗೆ ಒಂದು ಹನಿ ಬಿಡಲಿಲ್ಲ. ಬಾಂಬು ಬೀಳಲು ಶುರುವಾದ ಮೇಲೂ, ಸೈನ್ಯ ಓಡಿಹೋಗುವ ತನಕ, ಆರು ವಾರ, ಆ ಇಬ್ಬರ ಎಲ್ಲ ನೀರನ್ನೂ ಬಕೆಟಿನಲ್ಲಿ ಹೊತ್ತು ಆ ಬುಡಕ್ಕೇ ಹಾಕಿದೆ. ಎಲ್ಲ ನೀರು ಎಂದರೆ ಎಲ್ಲವೂ.

ಫೆಬ್ರವರಿ ಕೊನೆಯಲ್ಲಿ, ಮೂಲೆಯ ಮನೆ ಖಾಲಿಯಾದ ಮಾರನೆಯ ಮಧ್ಯಾಹ್ನ, ಮಗ ಹಗಲಿನ ಬೆಳಕಿಗೆ ಹೊರಗೆ ಬಂದ. ಎಣ್ಣೆಬಾವಿಗಳ ಹೊಗೆಯಿಂದ ಬೆಳಕೂ ಕಪ್ಪಾಗಿತ್ತು. ಬಿಳಿಚಿಕೊಂಡಿದ್ದ, ಗಡ್ಡ ಎದೆಗೆ ಬಂದಿತ್ತು. ಹಿತ್ತಲಿನಲ್ಲಿ ನಾಲ್ಕು ಹೆಜ್ಜೆ ನಡೆದು, ಖರ್ಜೂರದ ಹತ್ತಿರ ನಿಂತು, ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿ ನಕ್ಕ. ನನ್ನ ಗಂಡನೂ ನಕ್ಕರು. ನನಗೆ ಸಿಟ್ಟು ಬಂತು. ಇನ್ನು ಬೈಯಬಹುದಲ್ಲ ಎಂದು ನೆನಪಾಯಿತು. ಸೊಂಟಕ್ಕೆ ಕೈಯಿಟ್ಟು ಇಬ್ಬರನ್ನೂ ಕೂಡಿಸಿ ಮೂರು ಮನೆಗೆ ಕೇಳುವ ಹಾಗೆ ಬೈದೆ. ಅವರು ಇನ್ನೂ ಜೋರಾಗಿ ನಕ್ಕರು.

ಮಾಮಾ ಒಳಗೆ ನಮಾಜಿಗೆ ಕೈಕಾಲು ತೊಳೆಯುತ್ತಿದ್ದರು. ತೆರೆದ ಕಿಟಕಿಯಿಂದ ನಲ್ಲಿಯ ಸದ್ದು ಕೇಳಿಸುತ್ತಿತ್ತು. ನನ್ನ ಸ್ವರ ಎದ್ದ ಕೂಡಲೇ ಅದು ನಿಂತುಹೋಯಿತು.